ಮೆಡಿಟರೇನಿಯನ್ ಕರಾವಳಿಗೆ ಮೊದಲ ಪ್ರವಾಸ: ನೀಸ್‌ನಿಂದ ಸಲೆರ್ನೊವರೆಗೆ, ರೈಲಿನಲ್ಲಿ

ಯುರೋಪ್ ಪ್ರವಾಸದ ಬಗ್ಗೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಹನ್ನೆರಡು ದಿನ ರಜೆ ಇದೆ. ಬಾರ್ಸಿಲೋನಾ, ನೀಸ್, ಅಮಾಲ್ಫಿ, ಸ್ಯಾಂಟೊರಿನಿ, ಡುಬ್ರೊವ್‌ನಿಕ್ ಎಲ್ಲವನ್ನೂ ಸೇರಿಸಿ ಒಂದು ಪ್ಲಾನ್ ಹಾಕಿಕೊಡಿ." ಹಾಗೆ ಹೊರಟರೆ ರಜೆಯ ಅರ್ಧ ಭಾಗ ವಿಮಾನ ನಿಲ್ದಾಣಗಳಲ್ಲಿ, ಚೆಕ್‌-ಇನ್ ಸಾಲುಗಳಲ್ಲಿ, ಹೊಟೇಲ್ ಖಾಲಿ ಮಾಡುವ ಗಡಿಬಿಡಿಯಲ್ಲಿ ಕರಗಿಹೋಗುತ್ತದೆ. ಮೆಡಿಟರೇನಿಯನ್ ದೊಡ್ಡ ಸಮುದ್ರ. ಬಾರ್ಸಿಲೋನಾದಿಂದ ಸ್ಯಾಂಟೊರಿನಿಗೆ ಹೋಗಬೇಕೆಂದರೆ ಹಾರಲೇಬೇಕು.

ಒಂದು ಸಲಕ್ಕೆ ಒಂದು ಕರಾವಳಿ, ಅದರಲ್ಲಿ ಮೂರು ತಂಗುದಾಣ, ಓಡಾಟಕ್ಕೆ ರೈಲು ಮತ್ತು ದೋಣಿ. ಮೊದಲ ಸಲ ಹೋಗುವವರಿಗೆ ಇದೇ ಸರಿ. ಉದಾಹರಣೆಯಾಗಿ ಈ ಲೇಖನ ಫ್ರಾನ್ಸಿನ ನೀಸ್‌ನಿಂದ ಇಟಲಿಯ ಚಿಂಕ್ವೆ ತೆರ್ರೆ ಎಂಬ ಐದು ಕಡಲ ಹಳ್ಳಿಗಳನ್ನು ದಾಟಿ ಅಮಾಲ್ಫಿ ಕರಾವಳಿಯವರೆಗಿನ ದಾರಿಯನ್ನು ಹಂತ ಹಂತವಾಗಿ ಹೇಳುತ್ತದೆ. ಒಟ್ಟು 12 ರಾತ್ರಿ: ನೀಸ್‌ನಲ್ಲಿ 4, ಚಿಂಕ್ವೆ ತೆರ್ರೆ ಪಕ್ಕದ ಲೆವಾಂತೊದಲ್ಲಿ 3, ಅಮಾಲ್ಫಿ ಕರಾವಳಿಗೆ ಬಾಗಿಲಾದ ಸಲೆರ್ನೊದಲ್ಲಿ 4, ಕೊನೆಯ 1 ರೋಮ್‌ನಲ್ಲಿ. ನೀವು ಬೇರೆ ಕರಾವಳಿ ಆರಿಸಿಕೊಂಡರೂ ವೀಸಾ, ಟಿಕೆಟ್, ಊಟದ ಹಂತಗಳು ಬಹುಪಾಲು ಹೀಗೇ ಇರುತ್ತವೆ.

ಹಂತ 1: ತಿಂಗಳು ಗೊತ್ತುಮಾಡಿ

ಇಲ್ಲಿನ ಹವಾಮಾನ ನಮ್ಮದಕ್ಕೆ ತದ್ವಿರುದ್ಧ. ಬೇಸಿಗೆ ಒಣ, ಮಳೆಯೆಲ್ಲ ಶರತ್ಕಾಲ ಮತ್ತು ಚಳಿಗಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಯುರೋಪಿನವರೇ ಗುಂಪು ಗುಂಪಾಗಿ ಕಡಲಿಗೆ ಇಳಿಯುತ್ತಾರೆ. ಆಗಸ್ಟ್ 15 ಇಟಲಿಯಲ್ಲಿ ಫೆರಗೋಸ್ತೊ ಎಂಬ ದೊಡ್ಡ ರಜೆ. ಅದರ ಹಿಂದೆಮುಂದಿನ ಎರಡು ವಾರ ಕರಾವಳಿಯಲ್ಲಿ ರೂಮು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಸೆಕೆಯೂ ಜಾಸ್ತಿ.

ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಇಡೀ ಸೆಪ್ಟೆಂಬರ್ ಹೋಗುವುದು ಒಳ್ಳೆಯದು. ಎರಡರಲ್ಲಿ ಒಂದನ್ನು ಆರಿಸುವಾಗ ಒಂದು ವಿಷಯ ಗಮನಿಸಿ. ಮೇನಲ್ಲಿ ಗಾಳಿ ಬೆಚ್ಚಗಿದ್ದರೂ ನೀರು ತಣ್ಣಗೇ ಇರುತ್ತದೆ. ಅರಬ್ಬೀ ಸಮುದ್ರದಲ್ಲಿ ಆಡಿ ಬೆಳೆದವರಿಗೆ ಅದು ಕೊರೆಯುತ್ತದೆ. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಹಾಗಾಗಿ ಈಜಬೇಕು ಎನ್ನುವವರಿಗೆ ಸೆಪ್ಟೆಂಬರ್, ಬೆಟ್ಟದ ದಾರಿ ನಡೆಯಬೇಕು ಎನ್ನುವವರಿಗೆ ಮೇ. ಮಕ್ಕಳ ಶಾಲೆಯ ಕಾರಣಕ್ಕೆ ಏಪ್ರಿಲ್–ಮೇ ರಜೆಯೇ ಗತಿ ಎನ್ನುವವರು ಆದಷ್ಟು ಮೇ ತಿಂಗಳಿಗೆ ಸರಿಸಿಕೊಳ್ಳಿ. ದಸರಾ ರಜೆಗೆ ಹೋಗುವುದಾದರೆ ಅದು ಅಕ್ಟೋಬರ್ ಮಧ್ಯಕ್ಕೆ ಬಂದಿದೆಯೇ ನೋಡಿಕೊಳ್ಳಿ. ಅಕ್ಟೋಬರ್, ನವೆಂಬರ್‌ನಲ್ಲಿ ಈ ಕಡೆ ಒಮ್ಮೆಲೇ ಭಾರೀ ಮಳೆ ಸುರಿಯುತ್ತದೆ. 2011ರ ಅಕ್ಟೋಬರ್ 25ರಂದು ಹಾಗೆ ಬಂದ ಮಳೆಗೆ ಚಿಂಕ್ವೆ ತೆರ್ರೆಯ ವೆರ್ನಾತ್ಸಾ, ಮೊಂತೆರೊಸ್ಸೊ ಊರುಗಳು ಕೆಸರಿನಲ್ಲಿ ಹೂತುಹೋಗಿದ್ದವು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಮಾಲ್ಫಿ ಕಡೆಯ ಅನೇಕ ಹೊಟೇಲ್‌ಗಳು ಬಾಗಿಲು ಹಾಕಿರುತ್ತವೆ, ದೋಣಿಗಳು ನಿಂತಿರುತ್ತವೆ.

ಎಚ್ಚರಿಕೆ: ಮೇ ತಿಂಗಳಲ್ಲಿ ನೀಸ್ ಪಕ್ಕದ ಕಾನ್‌ನಲ್ಲಿ ಚಲನಚಿತ್ರೋತ್ಸವ, ಜೂನ್ ಮೊದಲಲ್ಲಿ ಮೊನಾಕೋದಲ್ಲಿ ಫಾರ್ಮುಲಾ ಒನ್ ಕಾರ್ ರೇಸ್. ಆ ದಿನಗಳಲ್ಲಿ ನೀಸ್‌ನ ಹೊಟೇಲ್ ದರ ಏರಿಬಿಡುತ್ತದೆ. ದಿನಾಂಕ ನೋಡಿಯೇ ಬುಕ್ ಮಾಡಿ.

ಹಂತ 2: ಯಾವ ದೇಶದ ವೀಸಾ?

ಹೆಚ್ಚು ಜನ ಎಡವುವುದು ಇಲ್ಲಿ. ಫ್ರಾನ್ಸ್, ಇಟಲಿ, ಸ್ಪೇನ್, ಗ್ರೀಸ್, ಮಾಲ್ಟಾ, 2023ರ ಜನವರಿ 1ರಿಂದ ಕ್ರೊಯೇಷಿಯಾ, ಇವೆಲ್ಲ ಷೆಂಗೆನ್ ವಲಯದಲ್ಲಿವೆ. ಅಂದರೆ ಒಂದೇ ವೀಸಾದಲ್ಲಿ ಈ ದೇಶಗಳ ನಡುವೆ ಓಡಾಡಬಹುದು. ಆದರೆ ಅರ್ಜಿಯನ್ನು ನಿಮಗೆ ಇಷ್ಟಬಂದ ದೇಶಕ್ಕೆ ಹಾಕುವಂತಿಲ್ಲ. ಹೆಚ್ಚು ದಿನ ಎಲ್ಲಿ ತಂಗುತ್ತೀರೋ ಆ ದೇಶಕ್ಕೇ ಹಾಕಬೇಕು. ಎರಡು ದೇಶಗಳಲ್ಲಿ ಸಮ ದಿನಗಳಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಉದಾಹರಣೆಯಲ್ಲಿ ಫ್ರಾನ್ಸಿನಲ್ಲಿ 4 ರಾತ್ರಿ, ಇಟಲಿಯಲ್ಲಿ 8. ನೀಸ್‌ನಲ್ಲಿ ಇಳಿದರೂ ಅರ್ಜಿ ಇಟಲಿಗೇ ಹೋಗಬೇಕು. "ಫ್ರಾನ್ಸ್ ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತು" ಎಂದು ಅಲ್ಲಿಗೆ ಹಾಕಿದರೆ ತಿರಸ್ಕಾರಕ್ಕೆ ನೀವೇ ಕಾರಣ ಕೊಟ್ಟಂತೆ.

ಬೆಂಗಳೂರಿನಲ್ಲಿ ಇಟಲಿ ಮತ್ತು ಫ್ರಾನ್ಸ್ ಅರ್ಜಿಗಳನ್ನು ವಿಎಫ್‌ಎಸ್ ಕೇಂದ್ರ ತೆಗೆದುಕೊಳ್ಳುತ್ತದೆ, ಸ್ಪೇನ್ ಅರ್ಜಿಯನ್ನು ಬಿಎಲ್‌ಎಸ್. ಈ ಕೇಂದ್ರಗಳು ಕಾಗದ ಪಡೆದು ರವಾನಿಸುತ್ತವೆ ಅಷ್ಟೆ, ನಿರ್ಧಾರ ದೂತಾವಾಸದ್ದು. ಕೌಂಟರಿನಲ್ಲಿ "ಇದು ಸಾಕು" ಎಂದರು ಎನ್ನುವುದು ಭರವಸೆಯಲ್ಲ.

ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹೋಗಬಹುದು. ಬೇಸಿಗೆ ರಜೆಗೆ ಮುಂಚೆ ಅಪಾಯಿಂಟ್‌ಮೆಂಟ್‌ಗಳೇ ಮುಗಿದಿರುತ್ತವೆ. ಮೇ ಪ್ರಯಾಣಕ್ಕೆ ಜನವರಿ, ಫೆಬ್ರವರಿಯಲ್ಲೇ ಸ್ಲಾಟ್ ಹಿಡಿದುಕೊಳ್ಳಿ. ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ, 6ಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಹಣ ವಾಪಸಿಲ್ಲ.

ಬೇಕಾದ ಕಾಗದಗಳು:

- ಪಾಸ್‌ಪೋರ್ಟ್. ವಾಪಸಾಗುವ ದಿನದ ನಂತರ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಕನಿಷ್ಠ 2 ಖಾಲಿ ಪುಟ ಇರಬೇಕು. ಹಳೆಯ ಪಾಸ್‌ಪೋರ್ಟ್‌ಗಳಿದ್ದರೆ ಅವೂ.
- 35 x 45 ಮಿಲಿಮೀಟರ್ ಫೋಟೋ, ಬಿಳಿ ಹಿನ್ನೆಲೆ, ಇತ್ತೀಚಿನದು.
- ಪ್ರಯಾಣ ವಿಮೆ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂಥದ್ದು, ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸುವಂಥದ್ದು.
- ಹೋಗಿಬರುವ ವಿಮಾನದ ಬುಕಿಂಗ್, ಪ್ರತಿ ರಾತ್ರಿಯ ಹೊಟೇಲ್ ಬುಕಿಂಗ್, ದಿನದಿನದ ಪ್ರವಾಸ ಪಟ್ಟಿ.
- ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಸಂಬಳದ ಚೀಟಿ, ಕಂಪನಿಯ ರಜೆ ಪತ್ರ. ಸ್ವಂತ ವ್ಯಾಪಾರದವರಿಗೆ ನೋಂದಣಿ ಮತ್ತು ಜಿಎಸ್‌ಟಿ ದಾಖಲೆ.
- ಮಕ್ಕಳಿದ್ದರೆ ಜನನ ಪ್ರಮಾಣಪತ್ರ. ತಂದೆ ತಾಯಿ ಇಬ್ಬರಲ್ಲಿ ಒಬ್ಬರೇ ಜೊತೆಗೆ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ.
- ಯಾಕೆ, ಎಲ್ಲಿಗೆ, ಯಾರ ಖರ್ಚಿನಲ್ಲಿ ಹೋಗುತ್ತೀರಿ, ಯಾವಾಗ ವಾಪಸ್ ಎಂದು ಒಂದೇ ಪುಟದಲ್ಲಿ ಬರೆದ ಪತ್ರ.

ಕಾಗದ ಎಷ್ಟು ದಪ್ಪ ಇದೆ ಅನ್ನುವುದಕ್ಕಿಂತ ಅವು ಒಂದಕ್ಕೊಂದು ತಾಳೆಯಾಗುವುದು ಮುಖ್ಯ. ವಿಮಾನ 11ಕ್ಕೆ ಇಳಿಯುತ್ತದೆ, ಹೊಟೇಲ್ 12ರಿಂದ ಇದೆ. ರಜೆ ಪತ್ರದಲ್ಲಿ 10 ದಿನ, ಪ್ರವಾಸ 13 ದಿನ. ಹೆಸರಿನ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿದೆ, ಇನ್ನೊಂದು ಕಡೆ ಇಲ್ಲ. ಇಂಥವೇ ತೊಂದರೆ ಕೊಡುವುದು. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡಿ. ಅರ್ಜಿಗೆ ವಾರ ಮುಂಚೆ ಖಾತೆಗೆ ಎಲ್ಲಿಂದಲೋ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ ಅದರ ಮೂಲ ತೋರಿಸುವ ದಾಖಲೆಯನ್ನೂ ಇಡಿ. ಹೊಟೇಲ್‌ಗಳನ್ನು ಉಚಿತ ರದ್ದತಿ ಇರುವ ದರದಲ್ಲೇ ಬುಕ್ ಮಾಡಿ. ಏಜೆಂಟರು ಮಾಡಿಕೊಡುವ ಸುಳ್ಳು ಟಿಕೆಟ್ ಇಡಬೇಡಿ. ಅದು ಪತ್ತೆಯಾದರೆ ಮುಂದಿನ ಅರ್ಜಿಗಳಿಗೂ ಮಸಿ ಬಳಿದುಕೊಂಡಂತೆ.

ಇನ್ನೊಂದು ಹೊಂಡ: ವೀಸಾ ಮೇಲೆ ಎಷ್ಟು ಸಲ ಪ್ರವೇಶ ಎಂದು ಬರೆದಿರುತ್ತದೆ. ಅದು 1 ಎಂದಿದ್ದರೆ ಷೆಂಗೆನ್ ಗಡಿ ದಾಟಿ ಹೊರಹೋದ ಕ್ಷಣ ಅದರ ಆಯುಷ್ಯ ಮುಗಿಯಿತು. ಟರ್ಕಿ, ಅಲ್ಬೇನಿಯಾ, ಮಾಂಟೆನೆಗ್ರೊ, ಬೋಸ್ನಿಯಾ ಇವೆಲ್ಲ ಹೊರಗಿನವು. ಗ್ರೀಸಿನಿಂದ ಟರ್ಕಿಗೆ ಒಂದು ದಿನ ಹಡಗಿನಲ್ಲಿ ಹೋಗಿಬರುತ್ತೇವೆ ಎಂದರೂ ವಾಪಸ್ ಬಿಡುವುದಿಲ್ಲ. ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಡುಬ್ರೊವ್‌ನಿಕ್‌ಗೆ ಹೋಗುವ ಹಳೆಯ ರಸ್ತೆ ಬೋಸ್ನಿಯಾದ ನೇಉಮ್ ಎಂಬ ಪಟ್ಟಿಯ ಮೂಲಕ ಹಾಯುತ್ತದೆ. 2022ರಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆಯ ಮೇಲೆ ಹೋಗುವ ಬಸ್ಸನ್ನೇ ಕೇಳಿ ಹತ್ತಿ. ಮೊನಾಕೋ ಮಾತ್ರ ಚಿಂತೆಯಿಲ್ಲ, ಫ್ರಾನ್ಸ್ ಜೊತೆ ಅದರ ಗಡಿ ತೆರೆದೇ ಇದೆ.

ಹಂತ 3: ವಿಮಾನ – ಒಂದೂರಲ್ಲಿ ಇಳಿದು ಇನ್ನೊಂದೂರಿಂದ ಹತ್ತಿ

ಬೆಂಗಳೂರಿನಿಂದ ನೀಸ್‌ಗೆ ನೇರ ವಿಮಾನ ಇಲ್ಲ. ದುಬೈ, ದೋಹಾ ಮೂಲಕ ಅಥವಾ ಪ್ಯಾರಿಸ್, ಫ್ರಾಂಕ್‌ಫರ್ಟ್ ಮೂಲಕ ಹೋಗಬಹುದು. ಟಿಕೆಟ್ ಹುಡುಕುವಾಗ "ಮಲ್ಟಿ ಸಿಟಿ" ಆಯ್ಕೆ ಒತ್ತಿ, ಹೋಗುವುದು ಬೆಂಗಳೂರು–ನೀಸ್, ಬರುವುದು ರೋಮ್–ಬೆಂಗಳೂರು ಎಂದು ಹಾಕಿ. ಹಾಗೆ ಮಾಡದೆ ನೀಸ್‌ಗೇ ಮರಳುವ ಟಿಕೆಟ್ ತೆಗೆದುಕೊಂಡರೆ ಬಂದ ದಾರಿಯನ್ನೇ ಮತ್ತೆ ಒಂದು ಪೂರ್ತಿ ದಿನ ತುಳಿಯಬೇಕಾಗುತ್ತದೆ.

ಪ್ಯಾರಿಸ್, ಫ್ರಾಂಕ್‌ಫರ್ಟ್ ಮೂಲಕ ಹೋದರೆ ಇಮಿಗ್ರೇಷನ್ ತಪಾಸಣೆ ಅಲ್ಲೇ, ಷೆಂಗೆನ್ ನೆಲದ ಮೊದಲ ನಿಲ್ದಾಣದಲ್ಲೇ ಆಗುತ್ತದೆ. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುವ ಗಣಕೀಕೃತ ಗಡಿ ದಾಖಲೆ ಹಂತ ಹಂತವಾಗಿ ಜಾರಿಯಾಗಿರುವುದರಿಂದ ಸಾಲು ಉದ್ದವಾಗುತ್ತದೆ. ಎರಡು ವಿಮಾನಗಳ ನಡುವೆ ಒಂದು ಗಂಟೆ ಸಾಲದು, ಎರಡೂವರೆ–ಮೂರು ಗಂಟೆ ಇರಲಿ. ಯಾವತ್ತು ಒಳಬಂದಿರಿ, ಯಾವತ್ತು ಹೊರಹೋದಿರಿ ಎಂಬುದೆಲ್ಲ ಈಗ ಈ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ವೀಸಾದಲ್ಲಿ ಬರೆದ ದಿನಕ್ಕಿಂತ ಒಂದು ದಿನವೂ ಹೆಚ್ಚು ಉಳಿಯಬೇಡಿ.

ಹಂತ 4: ಚೀಲ, ಹಣ, ಫೋನ್

ಒಬ್ಬರಿಗೆ ಒಂದೇ ಚೀಲ, ಅದೂ ನೀವೇ ಮೆಟ್ಟಿಲು ಹತ್ತಿಸಬಲ್ಲಷ್ಟು ತೂಕದ್ದು. ಈ ಊರುಗಳು ಗುಡ್ಡದ ಮೇಲಿವೆ, ಬೀದಿಗಳಿಗೆ ಕಲ್ಲು ಹಾಸಿದೆ, ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದೇ ಹೆಚ್ಚು. ಸಣ್ಣ ರೈಲು ನಿಲ್ದಾಣಗಳಲ್ಲೂ ಅಷ್ಟೆ. ಹೊಟೇಲ್ ಬುಕ್ ಮಾಡುವಾಗ ಯಾವ ಮಹಡಿ, ಲಿಫ್ಟ್ ಇದೆಯಾ, ರಸ್ತೆಯಿಂದ ಎಷ್ಟು ಮೆಟ್ಟಿಲು ಎಂದು ಕೇಳಿಯೇ ಬುಕ್ ಮಾಡಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಈ ಮೂರು ಪ್ರಶ್ನೆಗಳು ಕೋಣೆಯಿಂದ ಸಮುದ್ರ ಕಾಣುತ್ತದೆಯಾ ಎನ್ನುವುದಕ್ಕಿಂತ ಮುಖ್ಯ.

ನಮ್ಮ ಮೊಬೈಲ್ ಚಾರ್ಜರಿನ ತೆಳು ಎರಡು ಪಿನ್ ಫ್ರಾನ್ಸ್, ಇಟಲಿ ಎರಡರಲ್ಲೂ ಹೊಂದುತ್ತದೆ, ವೋಲ್ಟೇಜೂ 230. ದಪ್ಪ ಮೂರು ಪಿನ್ ಇರುವ ಲ್ಯಾಪ್‌ಟಾಪ್ ವೈರಿಗೆ ಅಡಾಪ್ಟರ್ ಬೇಕು.

ಕಾರ್ಡ್ ಉಜ್ಜುವಾಗ ಯಂತ್ರ "ರೂಪಾಯಿಯಲ್ಲೋ, ಯೂರೋದಲ್ಲೋ?" ಎಂದು ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಆ ಯಂತ್ರದವರೇ ನಿಗದಿಮಾಡುತ್ತಾರೆ, ನಷ್ಟ ನಿಮಗೆ. ಎಟಿಎಂಗೆ ಬ್ಯಾಂಕಿನ ಶಾಖೆಗೆ ಅಂಟಿಕೊಂಡದ್ದನ್ನೇ ಬಳಸಿ. ಸ್ವಲ್ಪ ನಗದು ಕೈಯಲ್ಲಿರಲಿ. ಇಟಲಿಯ ಹೊಟೇಲ್‌ಗಳು ತಲೆಗೆ, ರಾತ್ರಿಗೆ ಇಷ್ಟು ಎಂದು ಊರಿನ ಪ್ರವಾಸಿ ತೆರಿಗೆಯನ್ನು ಕೋಣೆ ಬಾಡಿಗೆಯಿಂದ ಬೇರೆಯಾಗಿ ಪಡೆಯುತ್ತವೆ, ಹಲವರು ಅದನ್ನು ನಗದಾಗಿಯೇ ಕೇಳುತ್ತಾರೆ. ಅದು ಮೋಸವಲ್ಲ. ಪಾಸ್‌ಪೋರ್ಟ್ ಕೇಳಿ ವಿವರ ಬರೆದುಕೊಳ್ಳುವುದೂ ಅಲ್ಲಿನ ಕಾನೂನೇ.

ಒಂದು ಐರೋಪ್ಯ ಸಿಮ್ ಅಥವಾ ಇ-ಸಿಮ್ ಎರಡೂ ದೇಶಗಳಿಗೆ ಸಾಕು. ಮೊನಾಕೋ ಮಾತ್ರ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದ್ದರಿಂದ ಅಲ್ಲಿ ಕಾಲಿಡುವ ಮುನ್ನ ನಿಮ್ಮ ಪ್ಲಾನಿನಲ್ಲಿ ಅದು ಸೇರಿದೆಯೇ ನೋಡಿ. ಇಲ್ಲದಿದ್ದರೆ ಡೇಟಾ ಆಫ್ ಮಾಡಿ. ಎಲ್ಲ ಕಡೆ ತುರ್ತು ಸಂಖ್ಯೆ 112.

ಹಂತ 5: ನೀಸ್, 4 ರಾತ್ರಿ

ವಿಮಾನ ನಿಲ್ದಾಣದಿಂದ ಊರಿನ ನಡುಮಧ್ಯಕ್ಕೆ ಟ್ರಾಮ್ 2ನೇ ಮಾರ್ಗ ಹೋಗುತ್ತದೆ, ಟ್ಯಾಕ್ಸಿ ಬೇಕಿಲ್ಲ. ಉಳಿಯಲು ರೈಲು ನಿಲ್ದಾಣಕ್ಕೂ ಹಳೆಯ ಪೇಟೆಗೂ ನಡುವಿನ ಜಾಗ ಆರಿಸಿಕೊಳ್ಳಿ. ದಿನಾ ರೈಲು ಹಿಡಿಯಲಿಕ್ಕಿದೆ.

ನೀಸ್‌ನ ಕಡಲತೀರ ಮರಳಿನದಲ್ಲ, ನುಣುಪಾದ ಉರುಟು ಕಲ್ಲುಗಳದ್ದು. ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಡುವುದೂ ಕಷ್ಟ, ಮೇಲಾಗಿ ದಡದಿಂದ ಕೆಲವೇ ಹೆಜ್ಜೆಗೆ ಆಳ ಶುರುವಾಗುತ್ತದೆ. ನೀರಿಗಿಳಿಯುವ ರಬ್ಬರ್ ಶೂ ತೆಗೆದುಕೊಳ್ಳಿ, ಮಕ್ಕಳನ್ನು ಕೈಬಿಡಬೇಡಿ. ಮಕ್ಕಳ ಜೊತೆ ಈಜಲು ನೀಸ್‌ಗಿಂತ ವಿಲ್‌ಫ್ರಾಂಶ್-ಸುರ್-ಮೇರ್ ಎಷ್ಟೋ ಮೇಲು. ರೈಲಿನಲ್ಲಿ ಹತ್ತು ನಿಮಿಷವೂ ಆಗುವುದಿಲ್ಲ, ನಿಲ್ದಾಣದ ಕೆಳಗೇ ತೀರ, ಕೊಲ್ಲಿಯೊಳಗಾದ್ದರಿಂದ ನೀರು ಶಾಂತ.

ಟಿಇಆರ್ ಎಂಬ ಪ್ರಾದೇಶಿಕ ರೈಲುಗಳು ಇಡೀ ದಿನ ಕರಾವಳಿಯುದ್ದಕ್ಕೂ ಓಡುತ್ತವೆ. ಪೂರ್ವಕ್ಕೆ ಮೊನಾಕೋ ಸುಮಾರು 25 ನಿಮಿಷ, ನಿಂಬೆಹಣ್ಣಿಗೆ ಹೆಸರಾದ ಮಾಂತೊಂ ಸುಮಾರು 40 ನಿಮಿಷ. ಪಶ್ಚಿಮಕ್ಕೆ ಅಂತೀಬ್. ಅಲ್ಲಿನ ಹಳೆಯ ಕೋಟೆಮನೆಯಲ್ಲಿ ಪಿಕಾಸೊ ಮ್ಯೂಸಿಯಂ ಇದೆ. ಈ ರೈಲುಗಳಿಗೆ ಮುಂಗಡ ಬುಕಿಂಗ್ ಬೇಡ. ಎಜ್ ಎಂಬ ಬೆಟ್ಟದ ಹಳ್ಳಿಗೆ ಹೋಗುವವರು ಮಾತ್ರ ಹುಷಾರು. ಎಜ್ ರೈಲು ನಿಲ್ದಾಣ ಕಡಲ ಮಟ್ಟದಲ್ಲಿದೆ, ಹಳ್ಳಿ ಅದಕ್ಕಿಂತ 400 ಮೀಟರಿಗೂ ಹೆಚ್ಚು ಎತ್ತರದಲ್ಲಿ. ರೈಲಿಳಿದು ಕಲ್ಲುದಾರಿಯಲ್ಲಿ ಒಂದೂವರೆ ಗಂಟೆ ಏರಬೇಕಾಗುತ್ತದೆ. ಹಳ್ಳಿಗೇ ಹೋಗುವ ಬಸ್ಸನ್ನು ನೀಸ್‌ನಿಂದ ಹಿಡಿಯಿರಿ.

ಬೆಳಿಗ್ಗೆ ಹಳೆಯ ಪೇಟೆಯ ಕೂರ್ ಸಲೇಯಾ ಸಂತೆ ನೋಡಿ. ಸೋಮವಾರ ಅಲ್ಲಿ ಹೂ, ಹಣ್ಣು, ತರಕಾರಿ ಇರುವುದಿಲ್ಲ, ಹಳೆಯ ವಸ್ತುಗಳನ್ನು ಮಾರುತ್ತಾರೆ. ಸಸ್ಯಾಹಾರಿಗಳಿಗೆ ನೀಸ್‌ನ ಕಾಣಿಕೆ ಸೊಕ್ಕಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಅಗಲ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಯೊಳಗೆ ಬೇಯಿಸಿದ್ದು. ಮೇಲೆ ಕರಿಮೆಣಸಿನ ಪುಡಿ. ಬಿಸಿಯಾಗಿದ್ದಾಗಲೇ ತಿನ್ನಬೇಕು. ಆದರೆ ನೀಸ್ ಸಲಾಡ್ ಮತ್ತು ಪಿಸ್ಸಲಾದಿಯೇರ್ ಎಂಬ ಈರುಳ್ಳಿ ರೊಟ್ಟಿ ನೋಡಲು ಸಸ್ಯಾಹಾರದಂತಿದ್ದರೂ ಎರಡರಲ್ಲೂ ಆಂಚೊವಿ ಎಂಬ ಸಣ್ಣ ಉಪ್ಪುಮೀನು ಇರುತ್ತದೆ. ಹೊಟೇಲಿನಲ್ಲಿ "ಯೂನ್ ಕರಾಫ್ ದೋ" ಎಂದರೆ ನಲ್ಲಿ ನೀರಿನ ಹೂಜಿ ಉಚಿತವಾಗಿ ತಂದಿಡುತ್ತಾರೆ.

ಹಂತ 6: ಗಡಿ ದಾಟಿ ಲೆವಾಂತೊಗೆ

ನೀಸ್‌ನಿಂದ ಗಡಿಯಾಚೆಯ ವೆಂತಿಮೀಲ್ಯಕ್ಕೆ ಟಿಇಆರ್‌ನಲ್ಲಿ ಒಂದು ಗಂಟೆಯ ಒಳಗೆ. ಅಲ್ಲಿ ಇಟಲಿಯ ರೈಲಿಗೆ ಬದಲಾಯಿಸಿ ಜಿನೋವಾ, ಇಂಟರ್‌ಸಿಟಿಯಲ್ಲಿ ಸುಮಾರು ಎರಡು ಗಂಟೆ. ಮತ್ತೆ ಬದಲಾಯಿಸಿ ಲೆವಾಂತೊ. ಒಟ್ಟು ಐದರಿಂದ ಆರು ಗಂಟೆ. ವೆಂತಿಮೀಲ್ಯದಲ್ಲಿ ಕನಿಷ್ಠ 40 ನಿಮಿಷ ಅಂತರ ಇಟ್ಟುಕೊಳ್ಳಿ. ಫ್ರೆಂಚ್ ರೈಲು ತಡವಾದರೆ ಇಟಲಿಯ ರೈಲು ಕಾಯುವುದಿಲ್ಲ, ಟಿಕೆಟ್‌ಗಳು ಬೇರೆ ಬೇರೆಯಾದ್ದರಿಂದ ಹೊಣೆ ಯಾರೂ ಹೊರುವುದಿಲ್ಲ. ಷೆಂಗೆನ್ ಒಳಗಿನ ಗಡಿಯಾದರೂ ಈ ದಾರಿಯಲ್ಲಿ ಪೊಲೀಸರು ರೈಲು ಹತ್ತಿ ಕಾಗದ ನೋಡುತ್ತಾರೆ. ಪಾಸ್‌ಪೋರ್ಟನ್ನು ಚೀಲದ ತಳದಲ್ಲಿ ಹಾಕಬೇಡಿ.

ಇಟಲಿಯ ರೈಲುಗಳಲ್ಲಿ ಎರಡು ಜಾತಿ. ವೇಗದ ಫ್ರೆಚ್ಚರೋಸ್ಸಾ, ಇತಾಲೊ, ದೂರದ ಇಂಟರ್‌ಸಿಟಿಗಳಲ್ಲಿ ಆಸನ ಕಾಯ್ದಿರಿಸಿರುತ್ತದೆ, ಮುಂಚೆ ಕೊಂಡಷ್ಟೂ ಅಗ್ಗ. ರೆಜನಾಲೆ ಎಂಬ ಪ್ರಾದೇಶಿಕ ರೈಲಿಗೆ ದರ ಬದಲಾಗುವುದಿಲ್ಲ, ಹೊರಡುವ ದಿನ ಕೊಂಡರೂ ಅಷ್ಟೆ. ದಂಡ ಬೀಳುವುದು ಈ ಎರಡನೆಯದರಲ್ಲೇ. ಕಾಗದದ ರೆಜನಾಲೆ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದಲ್ಲಿ ತೂರಿಸಿ ಸಮಯದ ಮುದ್ರೆ ಒತ್ತಿಸಿಕೊಳ್ಳಬೇಕು. ಫೋನಿನಲ್ಲಿ ಕೊಂಡಿದ್ದರೆ ಹತ್ತುವ ಮೊದಲು ಚೆಕ್‌-ಇನ್ ಗುಂಡಿ ಒತ್ತಬೇಕು. ದುಡ್ಡು ಕೊಟ್ಟು ಟಿಕೆಟ್ ಕೊಂಡಿದ್ದರೂ ಮುದ್ರೆ ಇಲ್ಲದಿದ್ದರೆ ದಂಡವೇ. ನಮ್ಮವರು ವಾದ ಮಾಡಿ ಸೋಲುವುದು ಈ ವಿಷಯದಲ್ಲಿ.

ಹಲವು ದೇಶಗಳ ರೈಲುಗಳಿಗೆ ಒಂದೇ ಟಿಕೆಟಿನಂತಿರುವ ಯುರೇಲ್ ಪಾಸ್ ಬೇಕೇ ಎಂದು ಬಹಳ ಜನ ಕೇಳುತ್ತೀರಿ. ಈ ದಾರಿಗೆ ಬೇಡ. ಪ್ರಾದೇಶಿಕ ಟಿಕೆಟ್‌ಗಳೇ ಅಗ್ಗ, ವೇಗದ ರೈಲಿಗೆ ಪಾಸ್ ಇದ್ದರೂ ಆಸನಕ್ಕೆ ಪ್ರತ್ಯೇಕ ಹಣ ಕಟ್ಟಬೇಕು.

ಷಿಯೊಪೆರೊ ಎಂಬ ಪದ ಕಿವಿಗೆ ಬಿದ್ದರೆ ಎಚ್ಚೆತ್ತುಕೊಳ್ಳಿ. ಅದು ಮುಷ್ಕರ. ಇಟಲಿಯಲ್ಲಿ ಮೊದಲೇ ಘೋಷಿಸಿಯೇ ಮಾಡುತ್ತಾರೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಅಗತ್ಯ ಪ್ರಾದೇಶಿಕ ರೈಲುಗಳು ಓಡಬೇಕೆಂಬ ನಿಯಮ ಇದೆ. ಊರು ಬದಲಿಸುವ ದಿನಗಳಿಗೆ ಎರಡು ದಿನ ಮುಂಚೆ ಸುದ್ದಿ ನೋಡಿಕೊಳ್ಳಿ.

ಹಂತ 7: ಚಿಂಕ್ವೆ ತೆರ್ರೆ, ಲೆವಾಂತೊದಿಂದ

ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯ, ಮನರೋಲಾ, ರಿಯೊಮಜ್ಜೋರೆ: ಕಡಿದಾದ ಬಂಡೆಗೆ ಅಂಟಿಕೊಂಡ ಐದು ಹಳ್ಳಿಗಳು. 1997ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ, 1999ರಿಂದ ರಾಷ್ಟ್ರೀಯ ಉದ್ಯಾನ. ಹಳ್ಳಿಯೊಳಗೇ ಉಳಿಯುವ ಆಸೆ ಎಲ್ಲರಿಗೂ. ಆದರೆ ಕೋಣೆಗಳು ಕಡಿಮೆ, ಬೆಲೆ ಹೆಚ್ಚು, ಚೀಲ ಹೊತ್ತು ಮೆಟ್ಟಿಲೇರಬೇಕು. ರೈಲಿನಲ್ಲಿ ಮೊಂತೆರೊಸ್ಸೊದಿಂದ ಐದಾರು ನಿಮಿಷ ಈಚೆಗಿರುವ ಲೆವಾಂತೊ ಸಮತಟ್ಟು ಊರು, ಒಳ್ಳೆಯ ತೀರವಿದೆ, ಸೂಪರ್‌ಮಾರ್ಕೆಟ್ ಇದೆ. ಇನ್ನೊಂದು ತುದಿಯ ಲಾ ಸ್ಪೆತ್ಸಿಯಾ ಇನ್ನೂ ಅಗ್ಗ, ಆದರೆ ಅದು ಬಂದರು ನಗರ, ಈಜುವ ತೀರವಿಲ್ಲ.

ಮಾರ್ಚ್ ಮಧ್ಯದಿಂದ ನವೆಂಬರ್ ಮೊದಲವರೆಗೆ ಲೆವಾಂತೊ–ಲಾ ಸ್ಪೆತ್ಸಿಯಾ ನಡುವೆ ಚಿಂಕ್ವೆ ತೆರ್ರೆ ಎಕ್ಸ್‌ಪ್ರೆಸ್ ಎಂಬ ರೈಲು ಗಂಟೆಗೆ ಹಲವು ಸಲ ಓಡಿ ಐದೂ ಹಳ್ಳಿಯಲ್ಲಿ ನಿಲ್ಲುತ್ತದೆ. ಬಿಡಿ ಟಿಕೆಟ್ ದರ ದೂರಕ್ಕೆ ಹೋಲಿಸಿದರೆ ಬಹಳ ಹೆಚ್ಚು. ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಹತ್ತಿಳಿಯುವುದಿದ್ದರೆ ಚಿಂಕ್ವೆ ತೆರ್ರೆ ಕಾರ್ಡ್ ಲೆಕ್ಕ ಹಾಕಿ ನೋಡಿ. ಎರಡು ಬಗೆಯ ಕಾರ್ಡ್ ಇದೆ: ಬರೀ ನಡಿಗೆ ದಾರಿಗಳದ್ದು, ನಡಿಗೆ ಮತ್ತು ರೈಲು ಎರಡೂ ಸೇರಿದ್ದು. ಮೊದಲನೆಯದನ್ನು ಕೊಂಡು ರೈಲು ಹತ್ತಿ ಸಿಕ್ಕಿಬೀಳುವವರು ಇದ್ದಾರೆ.

ನಡೆಯುವ ದಾರಿಗಳಲ್ಲಿ ಮೊಂತೆರೊಸ್ಸೊ–ವೆರ್ನಾತ್ಸಾ ಅತಿ ಚೆಂದ, ಅತಿ ಕಷ್ಟವೂ ಅದೇ. ಮೂರೂವರೆ ಕಿಲೋಮೀಟರಿಗೆ ಎರಡು ಗಂಟೆ ಬೇಕು. ಬಹುತೇಕ ಮೆಟ್ಟಿಲು, ಕೆಲವೆಡೆ ಇಬ್ಬರು ಎದುರಾದರೆ ಒಬ್ಬರು ನಿಲ್ಲಬೇಕು. ಬೆಳಿಗ್ಗೆ 8ರೊಳಗೆ ಹೊರಡಿ. ತಡವಾದರೆ ಬಿಸಿಲು, ಜನ ಎರಡೂ. ಚಪ್ಪಲಿ ಹಾಕಿಕೊಂಡು ಈ ದಾರಿ ಹತ್ತುವುದನ್ನು ಉದ್ಯಾನದವರು ನಿಷೇಧಿಸಿದ್ದಾರೆ, ದಂಡ ಇದೆ. ಹಿಡಿತವಿರುವ ಶೂ ಬೇಕು, ಒಬ್ಬರಿಗೆ ಒಂದೂವರೆ ಲೀಟರ್ ನೀರು ಬೇಕು. ವೆರ್ನಾತ್ಸಾ–ಕೊರ್ನೀಲ್ಯಕ್ಕೆ ಒಂದೂವರೆ ಗಂಟೆ. ರಿಯೊಮಜ್ಜೋರೆ–ಮನರೋಲಾ ನಡುವಿನ ಪ್ರೇಮಪಥ, ವಿಯಾ ದೆಲ್ಲಮೋರೆ, ಬಂಡೆ ಕುಸಿದು 2012ರಲ್ಲಿ ಮುಚ್ಚಿದ್ದು 2024ರಲ್ಲಿ ತೆರೆಯಿತು. ಅದು ಸಮತಟ್ಟು, ಚಿಕ್ಕದು, ಆದರೆ ಹೊತ್ತು ಗೊತ್ತುಮಾಡಿ ಬೇರೆ ಟಿಕೆಟ್ ತೆಗೆಯಬೇಕು. ಮಳೆ ಎಚ್ಚರಿಕೆ ಬಂದರೆ ದಾರಿಗಳನ್ನೆಲ್ಲ ಮುಚ್ಚುತ್ತಾರೆ. ಹೊರಡುವ ದಿನ ಬೆಳಿಗ್ಗೆ ಉದ್ಯಾನದ ಜಾಲತಾಣದಲ್ಲಿ ಯಾವುದು ತೆರೆದಿದೆ ನೋಡಿ.

ಕೊರ್ನೀಲ್ಯ ಒಂದೇ ಕಡಲ ಮಟ್ಟದಲ್ಲಿಲ್ಲ. ನಿಲ್ದಾಣದಿಂದ ಊರಿಗೆ ಸುಮಾರು 380 ಮೆಟ್ಟಿಲು, ಹತ್ತಲಾರದವರಿಗೆ ಚಿಕ್ಕ ಬಸ್ಸಿದೆ. ದೋಣಿಯೂ ಉಳಿದ ನಾಲ್ಕು ಊರುಗಳಿಗೆ ಮಾತ್ರ. ಒಂದು ಸಂಜೆಯಾದರೂ ದೋಣಿಯಲ್ಲಿ ಹೋಗಿ. ರೈಲು ಹೆಚ್ಚುಪಾಲು ಸುರಂಗದೊಳಗೇ ಓಡುವುದರಿಂದ ಈ ಊರುಗಳ ಪೂರ್ತಿ ನೋಟ ಸಿಗುವುದು ನೀರಿನಿಂದಲೇ.

ಸರಿಯಾದ ಮರಳು ತೀರ ಮೊಂತೆರೊಸ್ಸೊದಲ್ಲಿ. ಅಲ್ಲಿ ಸಾಲಾಗಿ ಕೊಡೆ, ಕುರ್ಚಿ ಹಾಕಿದ ಜಾಗ ಕಂಡರೆ ಅದು ಬಾಡಿಗೆಯದ್ದು, ದಿನಕ್ಕಿಷ್ಟು ಎಂದು ಕೊಡಬೇಕು. "ಸ್ಪಿಯಾಜ್ಜಾ ಲೀಬೆರಾ" ಎಂದು ಫಲಕ ಇದ್ದರೆ ಅದು ಎಲ್ಲರದು, ಟವೆಲ್ ಹಾಸಿ ಕೂರಬಹುದು. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬೇಡಿ. ನೇರಳೆ ಬಣ್ಣದ ಸಣ್ಣ ಜೆಲ್ಲಿಮೀನುಗಳು ಈ ಸಮುದ್ರದಲ್ಲಿವೆ, ಚುಚ್ಚಿದರೆ ಉಜ್ಜದೆ ಸಮುದ್ರದ ನೀರಿನಲ್ಲೇ ತೊಳೆದು ಕಾವಲುಗಾರರ ಬಳಿ ಹೋಗಿ.

ಊಟಕ್ಕೆ ಇಲ್ಲಿ ತೊಂದರೆಯಿಲ್ಲ. ತುಳಸಿಯ ಬಳಗದ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಚೀಸ್ ಅರೆದ ಪೆಸ್ಟೊ ಹುಟ್ಟಿದ್ದು ಈ ಸೀಮೆಯಲ್ಲೇ. ನೀಸ್‌ನ ಸೊಕ್ಕಾ ಇಲ್ಲಿ ಫರಿನಾತಾ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ತಿಳಿದಿರಬೇಕಾದದ್ದು: ಪಾರ್ಮಿಜಾನೊ ಚೀಸ್ ಮಾಡಲು ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ, ಪೆಸ್ಟೊದಲ್ಲಿ ಸಾಮಾನ್ಯವಾಗಿ ಅದೇ ಚೀಸ್ ಇರುತ್ತದೆ. ಬೇಡವೆನಿಸಿದರೆ ಪಿತ್ಸಾ ಮರಿನಾರಾ ಕೇಳಿ. ಅದರಲ್ಲಿ ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೆ, ಚೀಸ್ ಇಲ್ಲ. "ಸೆನ್ಸಾ ಕಾರ್ನೆ, ಸೆನ್ಸಾ ಪೆಷೆ, ಸೆನ್ಸಾ ಅಚ್ಚೂಗೆ" ಎಂದರೆ ಮಾಂಸ, ಮೀನು, ಆಂಚೊವಿ ಯಾವುದೂ ಬೇಡ ಎಂದು. ಬರೀ "ವೆಜಿಟೇರಿಯನ್" ಎಂದರೆ ಸೂಪಿನ ಮಾಂಸದ ಕಟ್ಟು ಅವರ ಲೆಕ್ಕಕ್ಕೆ ಬಾರದೇ ಹೋಗಬಹುದು. ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳರ ನಂತರವೇ. ಬಿಲ್ಲಿನಲ್ಲಿ ಕಾಣುವ ಕೊಪೆರ್ತೊ ಎಂಬುದು ತಲೆಗೆ ಇಷ್ಟೆಂಬ ಮೇಜಿನ ಶುಲ್ಕ.

ಹಂತ 8: ಸಲೆರ್ನೊ, ಅಮಾಲ್ಫಿ ಕರಾವಳಿಗೆ ಬಾಗಿಲು

ಲಾ ಸ್ಪೆತ್ಸಿಯಾಕ್ಕೆ ಬಂದು ರೋಮ್‌ಗೆ ರೈಲು, ರೋಮ್‌ನ ತೆರ್ಮಿನಿ ನಿಲ್ದಾಣದಲ್ಲಿ ಬದಲಾಯಿಸಿ ಸಲೆರ್ನೊ. ರೋಮ್‌ನಿಂದ ವೇಗದ ರೈಲಿನಲ್ಲಿ ಸಲೆರ್ನೊಗೆ ಎರಡು ಗಂಟೆ. ಬಾಗಿಲಿಂದ ಬಾಗಿಲಿಗೆ ಏಳು ಗಂಟೆ ಹಿಡಿಯಿರಿ, ಈ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಎಲ್ಲರೂ ಸೊರೆಂತೊ ಅಥವಾ ಪೊಸಿತಾನೊದಲ್ಲಿ ಉಳಿಯಲು ಹೊರಡುತ್ತಾರೆ. ಸೊರೆಂತೊಗೆ ನೇಪಲ್ಸ್‌ನಿಂದ ಚಿರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲು, ಒಂದು ಗಂಟೆಗೂ ಹೆಚ್ಚು, ಕಿಕ್ಕಿರಿದು ತುಂಬಿರುತ್ತದೆ, ಜೇಬುಗಳ್ಳರ ಕಾಟವೂ ಇದೆ. ಸಲೆರ್ನೊಗೆ ವೇಗದ ರೈಲೇ ಬರುತ್ತದೆ, ಊರು ಸಮತಟ್ಟು, ಊಟ ಅಗ್ಗ, ನಿಲ್ದಾಣದಿಂದ ಐದಾರು ನಿಮಿಷ ನಡೆದರೆ ಪಿಯಾತ್ಸಾ ದೆಲ್ಲಾ ಕಾಂಕೊರ್ದಿಯಾ ದೋಣಿಕಟ್ಟೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿಂದ ಅಮಾಲ್ಫಿಗೆ ಸುಮಾರು 35 ನಿಮಿಷ, ಪೊಸಿತಾನೊಗೆ ಒಂದು ಗಂಟೆಯ ಆಸುಪಾಸು. ಸಲೆರ್ನೊದಲ್ಲಿ ಇನ್ನೊಂದು ಕಟ್ಟೆ, ಮೋಲೊ ಮನ್‌ಫ್ರೇದಿ, ಊರಿನ ಆಚೆ ತುದಿಯಲ್ಲಿದೆ. ನಿಮ್ಮ ಟಿಕೆಟಿನಲ್ಲಿ ಯಾವ ಕಟ್ಟೆ ಎಂದು ಓದಿಯೇ ಹೊರಡಿ. ಗಾಳಿ ಜೋರಾದರೆ ದೋಣಿ ನಿಲ್ಲುತ್ತದೆ. ಅದಕ್ಕೇ ಅಮಾಲ್ಫಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಮೊದಲ ಒಳ್ಳೆಯ ಹವೆಯ ದಿನವೇ ಮುಗಿಸಿ.

ಸೀತಾ ಎಂಬ ಕಂಪನಿಯ ಬಸ್ ಇನ್ನೊಂದು ದಾರಿ. ಟಿಕೆಟನ್ನು ಮೊದಲೇ "ತಬಾಕ್ಕಿ" ಎಂದು ಬರೆದ ಬೀಡಿ-ಸಿಗರೇಟ್ ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳಿ. ಬಸ್ ಹೊರಡುವ ಜಾಗದಲ್ಲೇ ತುಂಬಿಬಿಡುತ್ತದೆ, ನಡುವಿನ ನಿಲ್ದಾಣದಲ್ಲಿ ಕಾದವರಿಗೆ ನಿಲ್ಲಿಸದೆ ಹೋಗುವುದೂ ಉಂಟು. ತಿರುವುಗಳು ವಿಪರೀತ. ವಾಂತಿಯಾಗುವವರು ಮಾತ್ರೆ ತೆಗೆದುಕೊಂಡೇ ಹತ್ತಿ. ಅಮಾಲ್ಫಿಯಿಂದ ಬೆಟ್ಟದ ಮೇಲಿನ ರವೆಲ್ಲೊಗೆ ಅರ್ಧ ಗಂಟೆ. ವಿಲ್ಲಾ ರೂಫೊಲೊ ತೋಟದ ಅಂಚಿನಿಂದ ಕಾಣುವ ಕಡಲಿಗಾಗಿಯೇ ಹೋಗಬೇಕು. ಕಾರು ಬಾಡಿಗೆಗೆ ತೆಗೆಯುವ ಯೋಚನೆ ಬಿಡಿ. ರಸ್ತೆ ಕಿರಿದು, ಪಾರ್ಕಿಂಗ್ ಇಲ್ಲ. ಊರೊಳಗೆ ಜೆಡ್‌ಟಿಎಲ್ ಎಂಬ ನಿರ್ಬಂಧಿತ ವಲಯಗಳಿವೆ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದು ದಂಡವನ್ನು ತಿಂಗಳುಗಳ ನಂತರ ಮನೆಗೆ ಕಳಿಸುತ್ತದೆ.

ಉಳಿದ ಎರಡು ದಿನ ಹೀಗೆ ಕಳೆಯಿರಿ. ಒಂದು ದಿನ ಪಾಂಪೇ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಹೂತ ಊರು. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟಿನಲ್ಲಿ ಹೆಸರಿರುತ್ತದೆ, ಗುರುತಿನ ಚೀಟಿ ತನ್ನಿ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಅದಕ್ಕೇ ಅಂದು ಹೋಗಬಾರದು. ನೆರಳಿಲ್ಲ, ಟೋಪಿ ಇರಲಿ. ಇನ್ನೊಂದು ದಿನ ಪೇಸ್ತುಮ್. ಸಲೆರ್ನೊದಿಂದ ರೈಲಿನಲ್ಲಿ ಅರ್ಧ ಗಂಟೆ, ಎರಡೂವರೆ ಸಾವಿರ ವರ್ಷ ಹಿಂದಿನ ಮೂರು ಗ್ರೀಕ್ ದೇವಾಲಯಗಳು ಹುಲ್ಲುಗಾವಲಿನ ನಡುವೆ ಕಂಬಗಳ ಸಮೇತ ನಿಂತಿವೆ. ಪಾಂಪೇಗೆ ಬರುವ ಜನರ ಸಣ್ಣ ಪಾಲೂ ಇಲ್ಲಿಗೆ ಬರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಹತ್ತಿರದ ಕಾಪ್ರಿ ದ್ವೀಪವೂ ಇದ್ದು, ಯಾವುದನ್ನಾದರೂ ಬಿಡಬೇಕಾಗಿ ಬಂದರೆ ಕಾಪ್ರಿ ಬಿಡಿ, ಪೇಸ್ತುಮ್ ಬಿಡಬೇಡಿ. ಎಮ್ಮೆ ಹಾಲಿನ ಮೊತ್ಸರೆಲ್ಲಾ ಆ ಬಯಲಿನದೇ. ಅಂದೇ ಮಾಡಿದ್ದನ್ನು ಅಂದೇ ತಿನ್ನಿ.

ಹಂತ 9: ರೋಮ್‌ನಿಂದ ಮನೆಗೆ

ಸಲೆರ್ನೊದಿಂದ ನೇರವಾಗಿ ವಿಮಾನ ಹಿಡಿಯುವ ಸಾಹಸ ಬೇಡ. ಒಂದು ಮುಷ್ಕರ, ಒಂದು ತಡವಾದ ರೈಲು ಸಾಕು ವಿಮಾನ ತಪ್ಪಲು. ಕೊನೆಯ ರಾತ್ರಿ ರೋಮ್‌ನ ತೆರ್ಮಿನಿ ಬಳಿ ಉಳಿಯಿರಿ. ಅಲ್ಲಿಂದ ಫ್ಯೂಮಿಚೀನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ 32 ನಿಮಿಷ, 14 ಯೂರೋ. ಹೊರಹೋಗುವಾಗಲೂ ಗಡಿ ದಾಖಲೆಯ ಸಾಲಿರುತ್ತದೆ, ಮೂರು ಗಂಟೆ ಮುಂಚೆ ತಲುಪಿ. ಆಲಿವ್ ಎಣ್ಣೆಯನ್ನು ಮಾತ್ರವಲ್ಲ, ಪೆಸ್ಟೊ ಶೀಸೆಯನ್ನೂ ಭದ್ರತಾ ಸಿಬ್ಬಂದಿ ದ್ರವ ಎಂದೇ ಲೆಕ್ಕ ಹಿಡಿಯುತ್ತಾರೆ. ಅವನ್ನು ಬಟ್ಟೆಯಲ್ಲಿ ಸುತ್ತಿ ಚೆಕ್‌-ಇನ್ ಚೀಲಕ್ಕೆ ಹಾಕಿ, ಪವರ್ ಬ್ಯಾಂಕನ್ನು ಕೈಚೀಲಕ್ಕೆ.